ಇನ್ನೂರ ಹದಿನೇಳನೆಯ ಮುಖ

“ಮುನ್ನೂರ ನಲವತ್ತು ಫೋಟೋ. ಒಂದು ಹದಿನಾಲ್ಕು ಕೆಬಿ, ಒಂದು ಹದಿನಾರು, ಒಂದು ಹದಿನೆಂಟು. ಇದೊಂದೇ ಆರುನೂರ ನಲವತ್ತು. ಯಾಕೆ?”

ಕೇಳಿದ್ದು ನಾನೇ. ಹಿಂದೂಪುರದಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಈ ಮಾತು ಹೇಳಿಕೊಂಡು ಬಂದಿದ್ದೆ. ಹಾಗಾಗಿ ತಡವರಿಸದೆ ಬಂತು.

ಸಾಯಿಕುಮಾರ್ ಮಾನಿಟರಿನ ಕಡೆ ನೋಡಲಿಲ್ಲ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನ ಎದುರು ಇರುವ ಈ ಪುಟ್ಟ ಸ್ಟುಡಿಯೋ ಅವನದು. ಟ್ರೈಪಾಡಿನ ಕಾಲು ಒರೆಸುತ್ತಿದ್ದ. ಒರೆಸಿದ ಕಾಲನ್ನೇ ಮತ್ತೆ ಒರೆಸುತ್ತಿದ್ದ.

“ಕಂಪ್ಯೂಟರ್ ಅಲ್ವಾ ಕೀರ್ತನಾ ಮೇಡಂ. ಅದಕ್ಕೂ ಒಂದೊಂದ್ಸಲ ಬೇಜಾರಾಯ್ತದೆ. ಮುನ್ನೂರ ಮೂವತ್ತೊಂಬತ್ತು ಮಾಡಿ ಒಂದು ಬಿಟ್ಟೈತೆ.”

“ಬೇಜಾರಾಗಿದ್ರೆ ಕೊನೇದು ಬಿಡ್ತಿತ್ತು. ಇದು ಇನ್ನೂರ ಹದಿನೇಳನೇದು.”

ಹಿಂದೆ ಬೆಂಚಿನ ಮೇಲೆ ಕೂತಿದ್ದ ಬೀರಕ್ಕ ನಕ್ಕಳು. “ನಮ್ಮ ಹಟ್ಟೀಲಿ ಕುರಿಗೆ ಮರಿಯಾಗಿದ್ದಾಗ್ಲೇ ಕಿವಿ ಕತ್ತರಿಸಿ ಗುರುತು ಮಾಡ್ತೀವಿ ಕಣಮ್ಮ. ಸಾಯೋವರೆಗೂ ಯಾರ ಕುರಿ ಅಂತ ಯಾರೂ ಕೇಳಂಗಿಲ್ಲ. ಮನುಷ್ಯರಿಗೆ ಮಾತ್ರ ಫೋಟೋ ಬೇಕಂತೆ.”

ಕಣ್ಣಿನ ಕ್ಯಾಂಪಿಗೆಂದು ಮಾಡಿದ ಗುರುತಿನ ಕಾರ್ಡುಗಳಲ್ಲಿ ಕಂಬದೂರಿನ ಬೀರಕ್ಕನ ಕಾರ್ಡಿನ ಮೇಲೆ ಇನ್ಯಾರದೋ ಮುಖ ಅಚ್ಚಾಗಿದೆ. ಅದು ಹೇಗೆ ಬಂತೆಂದು ಇವತ್ತು ಸಂಜೆ ಐದರೊಳಗೆ ತೋರಿಸದಿದ್ದರೆ ಬುಧವಾರದ ಕಣ್ಣಿನ ಆಪರೇಷನ್ ಪಟ್ಟಿಯಿಂದ ಅವಳ ಹೆಸರು ಹೋಗುತ್ತದೆ. ಎಡಗಣ್ಣಿನಲ್ಲಿ ಉಳಿದಿರುವ ಒಂದಿಷ್ಟು ಬೆಳಕು ಮುಂದಿನ ವರ್ಷದ ಕ್ಯಾಂಪಿನವರೆಗೆ ಇರುವುದಿಲ್ಲ ಎಂದು ಡಾಕ್ಟರು ಅವಳೆದುರಿಗೇ ಹೇಳಿದ್ದಾರೆ.

ಹೊಸ ಫೋಟೋ ತೆಗೆದು ಅಂಟಿಸಿದರೆ ಮುಗಿಯಿತಲ್ಲ ಎಂದು ನಾನೂ ಅಂದುಕೊಂಡಿದ್ದೆ. ಕಂಬಳಿ ನೇಕಾರರ ಸಂಘಕ್ಕೆ ಹೊಸದಾಗಿ ಬಂದ ಸೆಕ್ರೆಟರಿ ಆದಿನಾರಾಯಣ ಒಪ್ಪಲಿಲ್ಲ. ಕಾರ್ಡಿನಲ್ಲಿರುವ ಮುಖ ಇವಳದಲ್ಲ ಅಂದಮೇಲೆ ಇವಳೇ ಬೀರಕ್ಕ ಅನ್ನುವುದಕ್ಕೆ ಏನು ಆಧಾರ? ಸಾಕ್ಷಿ ಹೇಳುವವರನ್ನು ಯಾರು ಬೇಕಾದರೂ ಕರೆತರುತ್ತಾರೆ. ಕ್ಯಾಂಪಿನ ದಿನ ಸಂಘದವರ ಎದುರಿಗೇ ತೆಗೆದ ಫೋಟೋ ತನ್ನಿ ಅಂದ.

ಆ ಫೋಟೋ ಈ ಕಂಪ್ಯೂಟರಿನಲ್ಲಿ ಇರಬೇಕು. ಆ ಹೆಸರಿನಲ್ಲಿ ಇದ್ದದ್ದು ಬೇರೆ ಮುಖ.

“ಸಾಯಿಕುಮಾರ್, ಒರಿಜಿನಲ್ ಫೋಟೋಗಳೆಲ್ಲಿ? ಚಿಕ್ಕದು ಮಾಡೋಕೆ ಮುಂಚಿನವು?”

“ಇವೇ ಅವು.”

“ನಾನು ಕಳಿಸಿದ ಹಾಳೇಲಿ ನಾಲ್ಕನೇ ಸಾಲು ಓದಲಿಲ್ವಾ? ಬೇರೆ ಫೋಲ್ಡರಿನಲ್ಲಿ ಉಳಿಸಿ ಅಂತ ಬರೆದಿದ್ದೆ.”

“ಮೂರನೇ ಸಾಲಿಗೇ ಕೆಲಸ ಆಗೋಯ್ತು ಮೇಡಂ. ನಾಲ್ಕನೇದು ಯಾಕೆ ಓದ್ಲಿ?”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕ್ಯಾಂಪಿನಲ್ಲಿ ಅವನು ತೆಗೆದ ಫೋಟೋಗಳು ಒಂದೊಂದೂ ಆರುನೂರು, ಏಳುನೂರು ಕೆಬಿ. ಹಾಗೇ ಕಳಿಸಿದರೆ ಒಂದು ಫ್ಲಾಪಿಗೆ ಎರಡೇ ಹಿಡಿಯುತ್ತವೆ. ಅದಕ್ಕೇ ಎಲ್ಲವನ್ನೂ ಒಂದೇ ಸಲಕ್ಕೆ ಇಪ್ಪತ್ತು ಕೆಬಿಗಿಂತ ಕೆಳಗಿಳಿಸುವ ಸಾಫ್ಟ್‌ವೇರನ್ನು ನಾನು ಕೆಲಸ ಮಾಡುವ ಹಿಂದೂಪುರದ ಫೋಟೋ ಅಂಗಡಿಯಿಂದ ಕಳಿಸಿದ್ದೆ. ಇವನು ಇಳಿಸಿದ್ದನ್ನು ಹಳೆಯದರ ಮೇಲೆಯೇ ಬರೆದುಬಿಟ್ಟಿದ್ದ. ಮುನ್ನೂರ ಮೂವತ್ತೊಂಬತ್ತು ಮುಖಗಳು ಕುಗ್ಗಿದ ಬಟ್ಟೆಯ ಹಾಗೆ. ಇನ್ನು ಎಳೆದರೂ ಅಗಲವಾಗುವುದಿಲ್ಲ.

ಆಮೇಲೆ ಅವನ್ನು ಫ್ಲಾಪಿಗೆ ತುಂಬಿ ಬಸ್ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ್ದ. ನಾಲ್ಕು ಫ್ಲಾಪಿ ಸಾಕಿತ್ತು. ಬಂದದ್ದು ಐದು.

ಆವತ್ತೇ ನನಗೆ ಅನುಮಾನ ಬರಬೇಕಿತ್ತು. ನಮ್ಮಲ್ಲಿ ಕಾರ್ಡು ತಯಾರಿಸುವ ಪ್ರೋಗ್ರಾಂ ಇನ್ನೂರ ಹದಿನೇಳನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ. ಸೈಜು ಜಾಸ್ತಿ ಅಂತು. ನಾನು ಮುಖದ ಚೌಕವನ್ನಷ್ಟೇ ಕತ್ತರಿಸಿ, ಕುಗ್ಗಿಸಿ, ತುರುಕಿ ಮುಂದಿನ ನಂಬರಿಗೆ ಹೋದೆ. ಬೀರಕ್ಕನ ಹೆಸರಿಗೆ ಬೇರೆಯವರ ಮುಖ ಅಂಟಿಸಿದ ಕೈ ನನ್ನದು. ಇದನ್ನು ಇನ್ನೂ ಯಾರಿಗೂ ಹೇಳಿಲ್ಲ.

“ಗಂಟೆ ಎಷ್ಟಾಯ್ತಮ್ಮ?” ಬೀರಕ್ಕ ಕೇಳಿದಳು.

“ಮೂರೂ ಹತ್ತು.”

“ಹಂಗಾದ್ರೆ ಇನ್ನೂ ಟೈಮೈತೆ. ಗಾಬರಿ ಬೀಳ್ಬೇಡ.”

ಧೈರ್ಯ ಹೇಳಬೇಕಾದವಳು ನಾನು. ಹೇಳುತ್ತಿದ್ದವಳು ಅವಳು.

ಇನ್ನೂರ ಹದಿನೇಳರ ಮೇಲೆ ಮೌಸ್ ಇಟ್ಟು ಬಲಗಡೆಯ ಗುಂಡಿ ಒತ್ತಿದೆ. ವಿವರದ ಪುಟ್ಟ ಚೌಕ ತೆರೆಯಿತು. ಕೆಳಗಡೆ ‘ರೀಡ್ ಓನ್ಲಿ’ ಅನ್ನುವ ಕಡೆ ಒಂದು ಟಿಕ್ ಗುರುತು.

ಪಕ್ಕದ ಇನ್ನೂರ ಹದಿನಾರನ್ನು ನೋಡಿದೆ. ಟಿಕ್ ಇಲ್ಲ. ಇನ್ನೂರ ಹದಿನೆಂಟು, ಇಲ್ಲ. ಹತ್ತಿಪ್ಪತ್ತು ಫೈಲು ತೆರೆದು ನೋಡಿದೆ. ಯಾವುದಕ್ಕೂ ಇಲ್ಲ.

ಬಿ.ಎಸ್ಸಿ. ಓದುವಾಗ ಲ್ಯಾಬಿನಲ್ಲಿ ಇದೇ ಟಿಕ್ ನನ್ನ ಒಂದಿಡೀ ಮಧ್ಯಾಹ್ನ ನುಂಗಿತ್ತು. ಸೀಡಿಯಿಂದ ಕಂಪ್ಯೂಟರಿಗೆ ಇಳಿಸಿದ ಫೈಲು ಈ ಹಳೇ ವಿಂಡೋಸಿನಲ್ಲಿ ಬೀಗ ಹಾಕಿಕೊಂಡೇ ಬರುತ್ತದೆ. ನೋಡಬಹುದು, ಅದರ ಮೇಲೆ ಬರೆಯಲಾಗುವುದಿಲ್ಲ. ಬೀಗ ನಾವೇ ತೆಗೆಯಬೇಕು. ಕ್ಯಾಮೆರಾದಿಂದ ಇಳಿಸಿದ್ದಕ್ಕೆ ಅಂಥ ಬೀಗ ಇರುವುದಿಲ್ಲ.

ನನ್ನ ದನಿ ಸಣ್ಣದಾಯಿತು. “ಸಾಯಿಕುಮಾರ್, ಚಿಕ್ಕದು ಮಾಡುವಾಗ ಕಂಪ್ಯೂಟರ್ ಏನಾದ್ರೂ ಕೇಳ್ತಾ?”

“ಏನೋ ಒಂದು ಇಂಗ್ಲಿಷಲ್ಲಿ ಬಂತು. ಓಕೆ ಕೊಟ್ಟೆ. ಏನು ಬಂದ್ರೂ ನಾನು ಓಕೇನೇ ಕೊಡೋದು.”

“‘ಈ ಒಂದನ್ನ ತಿದ್ದೋಕಾಗಲ್ಲ’ ಅಂತ ಬಂದಿರುತ್ತೆ. ಉಳಿದವೆಲ್ಲ ನಿಮ್ಮ ಕ್ಯಾಮೆರಾದಿಂದ ಬಂದವು. ಇದು ಸೀಡಿಯಿಂದ ಬಂದದ್ದು. ಯಾರು ತಂದುಕೊಟ್ರು?”

ಟ್ರೈಪಾಡ್ ಒರೆಸುವುದು ನಿಂತಿತು.

“ನಾಕೇಂ ತೆಲುಸು ಮೇಡಂ. ನನಗೇನು ಗೊತ್ತು.”

“ಗೊತ್ತಿಲ್ಲದೆ ನಿಮ್ಮ ಕಂಪ್ಯೂಟರಿಗೆ ಸೀಡಿ ಹಾಕಿದ್ದು ಯಾರು?”

“ಹಿಂದೂಪುರದವರು ಬಂದು ಕೇಳ್ತಾರೆ, ನಾನು ಹೇಳ್ಬೇಕಾ? ನಿಮ್ಮ ಓನರ್ ನರಸಿಂಹಪ್ಪನೋರಿಗೆ ಫೋನ್ ಮಾಡಿ ಕೇಳಿ ಹೋಗಿ. ಕ್ಯಾಂಪಿನ ಕೆಲಸ ಅವರು ಕೊಟ್ಟಿದ್ದು. ಅವರಿಗೆ ಹೇಳ್ತೀನಿ. ನಿಮಗ್ಯಾಕೆ ಹೇಳ್ಲಿ? ನೀವೇನು ಪೊಲೀಸಾ?”

ಇಂಥ ಹೊತ್ತಿನಲ್ಲಿ ನನಗೆ ಮಾತೇ ಹೊರಡುವುದಿಲ್ಲ. ಮನೆಗೆ ಹೋದಮೇಲೆ ಹತ್ತು ಉತ್ತರ ಹೊಳೆಯುತ್ತವೆ, ಅವನ್ನೆಲ್ಲ ಡೈರಿಯಲ್ಲಿ ಬರೆದು ಮಲಗುತ್ತೇನೆ.

ಆದರೆ ಈವತ್ತು ಮನೆಗೆ ಹೋಗುವ ಹೊತ್ತಿಗೆ ಐದು ಗಂಟೆ ಕಳೆದಿರುತ್ತದೆ.

“ಪೊಲೀಸಲ್ಲ,” ಅಂದೆ. “ಆ ಫೋಟೋನ ಕಾರ್ಡಿಗೆ ಹಾಕಿದ್ದು ನಾನು. ಯಾಕೆ ದೊಡ್ಡದಿದೆ ಅಂತ ನೋಡದೆ, ಕುಗ್ಗಿಸಿ ಹಾಕಿದೆ. ನೀವು ಓಕೆ ಕೊಟ್ರಿ, ನಾನೂ ಓಕೆ ಕೊಟ್ಟೆ. ಇಬ್ಬರೂ ಸೇರಿ ಈ ಅವ್ವನ ಕಣ್ಣು ತೆಗೆದಿದ್ದೀವಿ. ನಂದು ನಾನು ಸೆಕ್ರೆಟರಿ ಮುಂದೆ ಹೇಳ್ತೀನಿ. ನಿಮ್ಮದು ನೀವು ನನಗಾದ್ರೂ ಹೇಳಿ.”

ಸಾಯಿಕುಮಾರ್ ನನ್ನನ್ನು ನೋಡಲಿಲ್ಲ. ಬೀರಕ್ಕನನ್ನು ನೋಡಿದ. ಅವಳು ಮುಖ ಎತ್ತಿಕೊಂಡು, ಅವನು ಇದ್ದಾನೆಂದು ತಾನು ಅಂದುಕೊಂಡ ದಿಕ್ಕಿಗೆ ನಗುತ್ತಿದ್ದಳು. ಅವನು ಇದ್ದದ್ದು ಇನ್ನೊಂದು ಕಡೆ.

“ಹೇಳಪ್ಪ,” ಅಂದಳು ಗೋಡೆಯ ಕಡೆಗೆ. “ಬೈಯಾಕಿಲ್ಲ.”

ಅವನು ಸ್ಟೂಲು ಎಳೆದುಕೊಂಡು ಕೂತ.

“ಕ್ಯಾಂಪ್ ಮುಗಿದು ವಾರ ಆಗಿತ್ತು. ಕಂಬದೂರು ಲೈನಲ್ಲಿ ಆಟೋ ಓಡಿಸ್ತಾನಲ್ಲ, ಓಬುಳೇಶ್, ಅವನು ಬಂದ. ಬೀರಕ್ಕನ ಕಡೆಯೋನು ಅಂದ. ಕ್ಯಾಂಪಲ್ಲಿ ತೆಗೆದ ಫೋಟೋ ಅವ್ವಂಗೆ ಹಿಡಿಸಿಲ್ಲ, ಒಳ್ಳೇದು ಒಂದು ತೆಗೆಸಿದ್ದೀವಿ, ಅದನ್ನ ಹಾಕಿಬಿಡು ಅಂತ ಸೀಡಿ ಕೊಟ್ಟ. ಮುನ್ನೂರ ನಲವತ್ತು ಜನರಲ್ಲಿ ನನಗೆ ಯಾವ ಅವ್ವ ಯಾರು ಅಂತ ಹೆಂಗೆ ನೆಪ್ಪಿರ್ತದೆ? ಸೆರಗು ಹೊದ್ದವ್ರೆ, ವಯಸ್ಸಾಗೈತೆ, ಕಣ್ಣಿಗೆ ಪೊರೆ ಐತೆ. ಸರೇಲೇ, ಆಯ್ತು ಅಂತ ಹಾಕ್ದೆ.”

“ದುಡ್ಡು ಕೊಟ್ನಾ?”

“ಒಂದು ಟೀ ಕುಡಿಸ್ದ. ಅದಕ್ಕೂ ಸಕ್ಕರೆ ಇರ್ಲಿಲ್ಲ.”

ಬೀರಕ್ಕ ತಲೆ ಅಲ್ಲಾಡಿಸಿದಳು. “ಓಬುಳೇಶ್ ಅನ್ನೋ ಹುಡುಗನ್ನ ನಾನು ಕಂಡಿಲ್ಲ ಕಣಪ್ಪ. ನನ್ನ ಕಡೆಯೋರು ಅಂತ ಯಾರವ್ರೆ, ನನ್ನ ಮಗ್ಗ ಒಂದು ಬಿಟ್ರೆ.”

“ಅವನ ಆಟೋನೂ ಮೂರು ದಿನದಿಂದ ಸ್ಟ್ಯಾಂಡಲ್ಲಿಲ್ಲ,” ಅಂದ ಸಾಯಿಕುಮಾರ್.

ನಾನು ಮುಖ್ಯವಾದದ್ದನ್ನು ಕೇಳಿದೆ. “ಮೊದಲಿನ ಫೋಟೋ? ಕ್ಯಾಂಪಿನಲ್ಲಿ ನೀವು ತೆಗೆದದ್ದು? ಅಳಿಸಿಬಿಟ್ರಾ?”

ಅವನಿಗೆ ನಿಜವಾಗಿಯೂ ಬೇಸರವಾಯಿತು.

“ವಯಸ್ಸಾದವರ ಫೋಟೋ ನಾವು ಅಳಿಸಲ್ಲ ಮೇಡಂ. ನಮ್ಮಪ್ಪನ ಕಾಲದಿಂದ ಅದೊಂದು ಪದ್ಧತಿ. ಎಷ್ಟೋ ಜನಕ್ಕೆ ಬದುಕಿನಲ್ಲೆಲ್ಲ ಅದೊಂದೇ ಫೋಟೋ ಇರ್ತದೆ. ನಾಳೆ ಏನಾದ್ರೂ ಆದ್ರೆ ಮಕ್ಕಳು ಓಡಿ ಬರ್ತಾರೆ, ಹಾರ ಹಾಕೋಕೆ ದೊಡ್ಡದು ಮಾಡ್ಕೊಡಣ್ಣ ಅಂತ. ಇಲ್ಲ ಅನ್ನೋಕಾಯ್ತದಾ?”

“ನಾನಿನ್ನೂ ಇಲ್ಲೇ ಕೂತಿದ್ದೀನಿ ಕಣ್ಲಾ,” ಅಂದಳು ಬೀರಕ್ಕ.

“ನೂರು ವರ್ಷ ಇರವ್ವ. ನಾನು ಪದ್ಧತಿ ಹೇಳ್ದೆ.”

‘ಅವ್ವಂದಿರು’ ಎಂಬ ಹೆಸರಿನ ಫೋಲ್ಡರ್ ತೆರೆದ. ಅದರಲ್ಲಿ ಇತ್ತು. ಕ್ಯಾಂಪಿನ ಗುಂಪು ಕುಗ್ಗುವ ಮೊದಲೇ ಪಕ್ಕಕ್ಕೆ ಎತ್ತಿಟ್ಟದ್ದರಿಂದ ಅದೊಂದು ಪೂರ್ತಿ ದೊಡ್ಡದಾಗಿಯೇ ಉಳಿದಿತ್ತು. ಬೀರಕ್ಕ ಕುರ್ಚಿಯ ಅಂಚಿನಲ್ಲಿ ಕೂತು, ಫ್ಲ್ಯಾಷ್ ಎಲ್ಲಿಂದ ಬರುತ್ತದೋ ಎಂದು ಕಾಯುತ್ತಿದ್ದಾಳೆ. ಹಿಂದೆ ಸಂಘದ ಬ್ಯಾನರು, ಕ್ಯಾಂಪಿನ ತಾರೀಕು. ಇದಕ್ಕಿಂತ ಆಧಾರ ಬೇಕೆ?

ಬೀರಕ್ಕನ ಕಡೆ ತಿರುಗಿದೆ. “ಸಿಕ್ಕಿತು ಅವ್ವ. ನಿಮ್ಮ ಮುಖ ಸಿಕ್ಕಿತು.”

“ಎಲ್ಲೋಗಿತ್ತು ಅದು, ಇಲ್ಲೇ ಐತಲ್ಲ,” ಎಂದು ಕೆನ್ನೆ ಸವರಿಕೊಂಡಳು.

ಸಾಯಿಕುಮಾರ್ ಅದನ್ನು ಪ್ರಿಂಟಿಗೆ ಹಾಕಿದ. ಅಷ್ಟರಲ್ಲಿ ನಾನು ಇನ್ನೂರ ಹದಿನೇಳನ್ನು ಮೊದಲ ಸಲ ಪೂರ್ತಿಯಾಗಿ ತೆರೆದೆ. ನಾನು ಈವರೆಗೆ ನೋಡಿದ್ದು ಹೆಬ್ಬೆರಳಿನುಗುರಿನಷ್ಟು ಮುಖವನ್ನು. ಈಗ ಅದು ಮಾನಿಟರ್ ತುಂಬ ಬಂದು ಕೂತಿತು.

ಬೀರಕ್ಕನಿಗಿಂತ ಒಂದೈದು ವರ್ಷ ಚಿಕ್ಕವಳು. ಎಡಗಣ್ಣಿನಲ್ಲಿ ಬೂದಿ ಬಣ್ಣದ ಪೊರೆ. ಹಿಂದೆ ನೀಲಿ ಪರದೆ. ಪರದೆಯ ಬಲ ಮೂಲೆಯಲ್ಲಿ ತ್ರಿಕೋನದ ಒಂದು ತೇಪೆ.

ಆ ತೇಪೆ ಹೊಲಿದದ್ದು ನಾನು. ಇಸ್ತ್ರಿ ಪೆಟ್ಟಿಗೆ ಇಟ್ಟು ಸುಟ್ಟವಳೂ ನಾನೇ.

ಈ ಹೆಂಗಸು ಹಿಂದೂಪುರದ ನಮ್ಮ ಅಂಗಡಿಯಲ್ಲಿ ಕೂತಿದ್ದಾಳೆ. ತೆಗೆದ ದಿನ ಫೈಲಿನೊಳಗೇ ಇತ್ತು, ಕುಗ್ಗಿದ ಫೋಟೋಗಳಲ್ಲಿ ಅಳಿಸಿಹೋಗುವ ವಿವರ ಅದು. ಆಗಸ್ಟ್ ಹದಿನಾಲ್ಕು, ಎರಡು ಸಾವಿರದ ಐದು. ಈಗ್ಗೆ ಹದಿನೈದು ದಿನದ ಹಿಂದೆ, ಭಾನುವಾರ. ಭಾನುವಾರ ನಾನು ಅಂಗಡಿಗೆ ಹೋಗುವುದಿಲ್ಲ. ಅಂದು ಕ್ಯಾಮೆರಾ ಹಿಡಿಯುವವರು ನರಸಿಂಹಪ್ಪನವರೊಬ್ಬರೇ.

ಕಲ್ಯಾಣದುರ್ಗಕ್ಕೆ ಹೋಗುತ್ತೇನೆಂದು ಬೆಳಿಗ್ಗೆ ಅವರಿಗೆ ಫೋನಿನಲ್ಲಿ ಹೇಳಿದಾಗ, “ಬೇಡಮ್ಮ, ಒಂದು ಕಾರ್ಡಿಗೆ ಅಷ್ಟು ದೂರ ಯಾಕೆ, ಬಿಟ್ಟುಬಿಡು,” ಅಂದಿದ್ದರು. ನನ್ನ ಖರ್ಚಿನ ಬಗ್ಗೆ ಕಾಳಜಿ ಅಂದುಕೊಂಡಿದ್ದೆ. ಎರಡು ವರ್ಷದಿಂದ ನನ್ನನ್ನು ಮಗಳ ಹಾಗೆ ನೋಡಿಕೊಂಡ ಮನುಷ್ಯ. ಆ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿದೆ. ಮುಂದಕ್ಕೆ ಒಯ್ಯಲು ಧೈರ್ಯ ಸಾಲಲಿಲ್ಲ.

“ಏನಮ್ಮ ಸುಮ್ಕಾಗ್ಬುಟ್ಟೆ?” ಬೀರಕ್ಕ ಎದ್ದು ಬಂದಳು. “ನನ್ನ ಜಾಗದಾಗೆ ಕೂತವಳು ಹೆಂಗವ್ಳೆ, ನಾನೂ ಒಂಚೂರು ನೋಡ್ತೀನಿ.”

“ಕಾಣಿಸುತ್ತಾ ಅವ್ವ?”

“ಕಾರ್ಡಿನಾಗೆ ಕಾಣಾಕಿಲ್ಲ. ಇದು ಬೆಳಕೈತೆ. ದೊಡ್ಡದೈತೆ.”

ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದಳು. ತಲೆಯನ್ನು ಎಡಕ್ಕೆ ವಾಲಿಸಿ, ಉಳಿದಿದ್ದ ಒಂದಿಷ್ಟು ಕಣ್ಣಿನಿಂದ ಆ ಮುಖವನ್ನು ಹಣೆಯಿಂದ ಕೆಳಕ್ಕೆ ಓದುತ್ತ ಬಂದಳು. ಗಲ್ಲದ ಹತ್ತಿರ ನಿಂತಳು.

ಅಲ್ಲಿ ಹಚ್ಚೆ ಇತ್ತು. ಮೂರು ಚುಕ್ಕೆ, ಅದರ ಪಕ್ಕ ಬಾಗಿದ ಒಂದು ಗೀಟು, ಅರ್ಧಕ್ಕೇ ನಿಂತ ಗೀಟು. ಕಾರ್ಡಿನ ಫೋಟೋದಲ್ಲಿ ಅದು ಗಲ್ಲದ ನೆರಳಿನ ಹಾಗೆ ಕಂಡಿತ್ತು. ಕುಗ್ಗಿಸಿದಾಗ ಮೊದಲು ಹೋಗುವುದು ಇಂಥವೇ.

ಬೀರಕ್ಕನ ಬೆರಳು ಗಾಜಿನ ಮೇಲೆ ಆ ಗೀಟಿನ ಉದ್ದಕ್ಕೂ ಹೋಯಿತು. ಅದು ನಿಂತಲ್ಲಿ ನಿಂತಿತು. ಆಮೇಲೆ ಅದೇ ಬೆರಳು ತನ್ನ ಗಲ್ಲಕ್ಕೆ ಬಂತು. ಅಲ್ಲಿಯೂ ಮೂರು ಚುಕ್ಕೆ. ಗೀಟು ಮಾತ್ರ ಪೂರ್ತಿ.

“ಅರ್ಧಕ್ಕೇ ಎದ್ದು ಓಡಿದ್ಲು,” ಅಂದಳು. “ಸೂಜಿ ನೋಯ್ತದೆ ಅಂತ. ಹಚ್ಚೆಯವಳು ಹಟ್ಟಿ ತುಂಬ ಅಟ್ಟಿಸ್ಕೊಂಡು ಹೋದ್ರೂ ಸಿಗ್ಲಿಲ್ಲ. ನಾನು ಪೂರ್ತಿ ಚುಚ್ಚಿಸ್ಕೊಂಡೆ.”

“ಯಾರವ್ವ ಇದು?”

“ಓಬಕ್ಕ. ನನ್ನ ತಂಗಿ.”

ಪ್ರಿಂಟರಿನ ಸದ್ದು ನಿಂತಿತು. ಸಾಯಿಕುಮಾರ್ ಹಾಳೆ ಹಿಡಿದು ನಿಂತಲ್ಲೇ ನಿಂತ.

“ಹನ್ನೊಂದು ವರ್ಷ ಆಯ್ತು. ನಾನು ಒಂದು ಮಾತಂದೆ. ಅನ್ನಬಾರದ ಮಾತು. ಎದ್ದೋದ್ಲು. ಕುರಿ ಹಿಂದೆ ಹೋದೋರೆಲ್ಲ ಹುಡುಕಿದ್ರು. ಬಾವಿ ಕೆರೆ ಎಲ್ಲ ನೋಡಿದ್ರು. ಸತ್ತವ್ಳೆ ಅಂದ್ರು. ನಾನೂ ಹಂಗೇ ಅಂದ್ಕೊಂಡೆ.” ಬೆರಳು ಮತ್ತೆ ಗಾಜಿನ ಮೇಲೆ ಹೋಯಿತು. “ಇದು ಯಾವಾಗ್ ತೆಗೆದಿದ್ದು ಅಂದೆ ಮಗಾ?”

“ಹದಿನೈದು ದಿನದ ಹಿಂದೆ.”

“ಹದಿನೈದು ದಿನ,” ಅಂದಳು. ಇನ್ನೊಂದು ಸಲ ಅಂದಳು. ಎರಡನೆಯ ಸಲ ನಗುತ್ತಿದ್ದಳು, ಕಣ್ಣಿನಿಂದ ನೀರು ಇಳಿಯುತ್ತಿದ್ದರೂ.

ಓಬಕ್ಕ ಅಕ್ಕನ ಹೆಸರನ್ನು ಯಾಕೆ ಹಿಡಿದಳು? ಓಬುಳೇಶ್ ಅವಳಿಗೆ ಏನಾಗಬೇಕು? ನರಸಿಂಹಪ್ಪನವರಿಗೆ ಇದರಲ್ಲಿ ಎಷ್ಟು ಗೊತ್ತು? ಗಂಟೆ ನಾಲ್ಕೂವರೆ. ಬುಧವಾರ ಗೇಟಿನಲ್ಲಿ ಮುಖ ನೋಡಿ ಕೊಡಲೆಂದು ಸಂಘದಲ್ಲಿಟ್ಟಿದ್ದ ಕಾರ್ಡು ಇವತ್ತಿನ ಮಟ್ಟಿಗೆ ನನ್ನ ಚೀಲದಲ್ಲಿತ್ತು. ಪ್ರಿಂಟನ್ನೂ ಅದರ ಜೊತೆ ಇಟ್ಟು ಬೀರಕ್ಕನ ಕೈ ಹಿಡಿದು ಹೊರಟೆ.

ಸಂಘದ ಆಫೀಸು ಎರಡು ಬೀದಿ ಆಚೆ. ದಾರಿಯಲ್ಲಿ ನಾನು ಹೇಳಬೇಕಾದದ್ದನ್ನು ಸಾಲಾಗಿ ಜೋಡಿಸಿಕೊಳ್ಳುತ್ತಿದ್ದೆ. ಮೊದಲು ಐದು ಫ್ಲಾಪಿ. ಆಮೇಲೆ ಸೀಡಿ. ಆಮೇಲೆ ನನ್ನ ತಪ್ಪು. ಕೊನೆಗೆ ಬೀರಕ್ಕನ ನಿಜವಾದ ಫೋಟೋ.

“ಕೂಸೇ,” ಬೀರಕ್ಕ ನಡೆಯುತ್ತಲೇ ಕೇಳಿದಳು. “ಈ ಕಾರ್ಡು ಸುಳ್ಳು ಅಂತ ಅವರು ಹೊಡೆದಾಕಿದ್ರೆ, ಬುಧವಾರ ಇವಳು ಬಂದ್ರೆ ಏನ್ಮಾಡ್ತಾರೆ?”

“ಒಳಗೆ ಬಿಡಲ್ಲ.”

“ಅಷ್ಟೇನಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಬೇರೆಯವರ ಹೆಸರಲ್ಲಿ ಕಾರ್ಡು ಮಾಡಿಸಿದ್ದಕ್ಕೆ ಪೊಲೀಸಿಗೆ ಕೊಡಬಹುದು ಅವ್ವ. ಸುದ್ದಿ ಮೊದಲೇ ತಿಳಿದ್ರೆ ಅವರು ಬರೋದೇ ಇಲ್ಲ.”

“ಬರಾಕಿಲ್ಲ,” ಅಂದಳು. “ಹೆದರಿದ್ರೆ ಅವಳು ಓಡೋಳೇ.”

ಆಫೀಸು ಬರುವವರೆಗೆ ಅವಳ ಬೆರಳು ಗಲ್ಲದ ಹಚ್ಚೆಯ ಮೇಲೇ ಇತ್ತು.

ಆದಿನಾರಾಯಣ ಮೇಜಿನ ಮೇಲೆ ಪಟ್ಟಿ ಹರವಿಕೊಂಡು ಕೂತಿದ್ದ. ಒಳ್ಳೆಯವನ ಹಾಗೇ ಕಾಣುತ್ತಿದ್ದ, ಸುಸ್ತಾದವನ ಹಾಗೂ. “ಕೂರ್ಚೋ ಅವ್ವಾ,” ಎಂದು ಕುರ್ಚಿ ತೋರಿಸಿದ. “ಐದಕ್ಕೆ ಪಟ್ಟಿ ಕಳಿಸ್ಬೇಕು. ಕಾರ್ಡು ಕೊಡು, ನೋಡೋಣ.”

ಕಾರ್ಡನ್ನು ಅವನ ಮುಂದಿಟ್ಟೆ. ಪ್ರಿಂಟ್ ತೆಗೆಯಲು ಚೀಲದೊಳಗೆ ಕೈ ಹಾಕಿದೆ. ಹೇಳಬೇಕಾದ ಮೊದಲ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು.

“ಸ್ವಾಮಿ,” ಅಂದಳು ಬೀರಕ್ಕ, ನನಗಿಂತ ಮೊದಲು. “ನನ್ನದು ತಪ್ಪಾಯ್ತು. ಕಣ್ಣು ಕಾಣಾಕಿಲ್ಲ, ಯಾರೋ ಏನೋ ಅಂದ್ರು, ನನ್ನ ಮುಖ ಅಲ್ಲ ಅಂತ ನಾನೂ ಅಂದ್ಬುಟ್ಟೆ. ಈಗ ದೊಡ್ಡದು ಮಾಡಿ ತೋರಿಸಿದ್ರು. ಅದು ನಾನೇ. ಕಾರ್ಡು ಹಂಗೇ ಇರ್ಲಿ.”

ಚೀಲದೊಳಗೆ ನನ್ನ ಕೈ ಹಾಳೆಯ ಮೇಲೇ ನಿಂತಿತು.

ಅವಳು ತನ್ನ ಕಣ್ಣನ್ನು ತಂಗಿಗೆ ಬಿಟ್ಟುಕೊಡುತ್ತಿದ್ದಳು. ಕಾರ್ಡು ಉಳಿದರೆ ಬುಧವಾರ ಓಬಕ್ಕ ಹೆದರದೆ ಬರುತ್ತಾಳೆ. ಬಂದರೆ ಗೇಟಿನ ಹತ್ತಿರ ಒಬ್ಬಳು ಕಾಯುತ್ತಿರುತ್ತಾಳೆ.

ಆದಿನಾರಾಯಣ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದ. ಕಾರ್ಡು ನೋಡಿದ, ಬೀರಕ್ಕನನ್ನು ನೋಡಿದ, ಮತ್ತೆ ಕಾರ್ಡು ನೋಡಿದ. ಒಂದೇ ತಾಯಿಯ ಮಕ್ಕಳು, ಹೆಬ್ಬೆರಳಿನುಗುರಿನಷ್ಟು ಫೋಟೋ. ಅವನ ಹುಬ್ಬು ಗಂಟಾಯಿತು, ಸಡಿಲವಾಯಿತು, ಮತ್ತೆ ಗಂಟಾಯಿತು.

ಮೇಜಿನ ಕೆಳಗೆ ಬೀರಕ್ಕನ ಒರಟು ಬೆರಳುಗಳು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದವು.

ಅವನು ಕಾರ್ಡನ್ನು ನನ್ನ ಕಡೆ ತಿರುಗಿಸಿದ. ಪೆನ್ನಿನ ಮುಚ್ಚಳ ತೆಗೆದ.

“ಚೆಪ್ಪಮ್ಮಾ, ಹೇಳು. ಕಾರ್ಡು ಮಾಡಿದವಳು ನೀನು. ನೀನು ಹೇಳಿದ್ದನ್ನ ಬರ್ಕೋತೀನಿ. ಈ ಮುಖ ಈಯಮ್ಮಂದೇನಾ?”